ಫ್ಯಾನ್ ವೈರ್, ಮೈಲುತುತ್ತ, ಮಣ್ಣಿನ ಕುಡಿಕೆ: ನೆಲದಾಳ ನೋಡುವ ಯಂತ್ರ ಕಟ್ಟಿದ್ದು

ನಮ್ಮದು ಕುಕನೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್ ಮೋಟರ್, ಸೀಲಿಂಗ್ ಫ್ಯಾನ್, ಗಿರಣಿ ಮೋಟರ್, ಮಿಕ್ಸಿ. ದಿನಾ ಇವೇ ಕೆಲಸ. ಈ ಸಲ ದೀಪಾವಳಿ ಮುಗಿದ ಮೇಲೆ, ರಾತ್ರಿ ಶಟರ್ ಎಳೆದ ನಂತರ, ಬೇರೆ ಒಂದು ವೈಂಡಿಂಗ್ ಶುರು ಮಾಡಿದೆ. ಇಪ್ಪತ್ತು ಸಾವಿರ ಸುತ್ತಿನ ಕಾಯಿಲ್. ಇದಕ್ಕೆ ಕರೆಂಟ್ ಕೊಡುವುದಿಲ್ಲ. ಹೊಲದಲ್ಲಿ ಹೂತಿಟ್ಟು, ಅದರಲ್ಲಿ ತಾನಾಗಿ ಹುಟ್ಟುವ ಕರೆಂಟನ್ನು ಓದಬೇಕು.

ಇದರ ಆಸೆ ಹುಟ್ಟಿದ್ದು ಚಿಕ್ಕವನಿದ್ದಾಗ. ಯಾವುದೋ ಸರ್ವೆ ತಂಡದವರು ನಮ್ಮ ಪಕ್ಕದ ಹೊಲಕ್ಕೆ ಬಂದಿದ್ದರು. ಆಳುದ್ದದ ಕರಿ ಪೈಪುಗಳನ್ನು ಗುಂಡಿ ತೋಡಿ ಮಲಗಿಸಿ ಮಣ್ಣು ಮುಚ್ಚಿದರು. ದೂರ ದೂರಕ್ಕೆ ವೈರ್ ಎಳೆದರು. ಎರಡು ದಿನ ಈ ಕಡೆ ಯಾರೂ ಓಡಾಡಬೇಡಿ ಎಂದು ಹೇಳಿ ಹೋದರು. ಜನರೇಟರ್ ಇಲ್ಲ, ಡ್ರಿಲ್ ಇಲ್ಲ, ಏನೂ ಇಲ್ಲ. ಸುಮ್ನೆ ಇಟ್ಟು ಹೋದರೆ ಏನು ಗೊತ್ತಾಗುತ್ತದೆ ಎಂಬ ಪ್ರಶ್ನೆ ಅವತ್ತಿನಿಂದ ತಲೆಯಲ್ಲೇ ಉಳಿದಿತ್ತು.

ಈ ವಿಧಾನದ ಹೆಸರು ಮ್ಯಾಗ್ನೆಟೋಟೆಲ್ಯುರಿಕ್ಸ್. 1950ರಲ್ಲಿ ರಷ್ಯಾದ ಟಿಖೊನೊವ್, 1953ರಲ್ಲಿ ಫ್ರಾನ್ಸಿನ ಕಾನ್ಯಾರ್ ಇದರ ಲೆಕ್ಕವನ್ನು ಬೇರೆ ಬೇರೆಯಾಗಿ ಬರೆದರು. ಭೂಮಿಯ ಮೇಲೆ ಯಾವಾಗಲೂ ಎಲ್ಲೋ ಒಂದು ಕಡೆ ಸಿಡಿಲು ಹೊಡೆಯುತ್ತಲೇ ಇರುತ್ತದೆ. ಜಗತ್ತಿನ ಎಲ್ಲ ಮಿಂಚು ಸೇರಿದರೆ ಸೆಕೆಂಡಿಗೆ ಸುಮಾರು 40ರಿಂದ 50. ಸೂರ್ಯನ ಕಡೆಯಿಂದ ಬರುವ ಕಣಗಳ ಗಾಳಿಯೂ ಭೂಮಿಯ ಕಾಂತಕ್ಷೇತ್ರವನ್ನು ನಿಧಾನವಾಗಿ ಅಲುಗಾಡಿಸುತ್ತದೆ. ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಸಲ ಅಲುಗುವುದೆಲ್ಲ ಹೆಚ್ಚಾಗಿ ಸಿಡಿಲಿನದು. ಅದಕ್ಕಿಂತ ನಿಧಾನವಾದದ್ದು ಸೂರ್ಯನದು. ಈ ಅಲುಗಾಟ ನೆಲದೊಳಗೆ ಇಳಿಯುತ್ತದೆ. ಇಳಿಯುವಾಗ ನೆಲದಲ್ಲಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಹಸಿ ಜೇಡಿಮಣ್ಣಿನಲ್ಲಿ ಬೇಗ ಸೋತುಹೋಗುತ್ತದೆ, ಗಟ್ಟಿ ಕಲ್ಲಿನಲ್ಲಿ ಆಳಕ್ಕೆ ಹೋಗುತ್ತದೆ. ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬುದು (ಅದರ ಲೆಕ್ಕ ಹರ್ಟ್ಜ್), ಕಡಿಮೆಯಾದಷ್ಟೂ ಆಳ ಜಾಸ್ತಿ.

ನೆಲದ ಮೇಲೆ ಎರಡೇ ಅಳತೆ ಬೇಕು. ಕಾಂತಕ್ಷೇತ್ರ ಎಷ್ಟು ಅಲುಗಿತು, ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ನೆಲದ ವೋಲ್ಟೇಜ್ ಎಷ್ಟು ಅಲುಗಿತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕೆಳಗಿನ ಕಲ್ಲು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದು ಸಿಗುತ್ತದೆ. ಸಿಡಿಲು ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂದು ಗೊತ್ತಿರಬೇಕಿಲ್ಲ. ಭಾಗಿಸುವಾಗ ಅದು ಹೊರಟುಹೋಗುತ್ತದೆ. ನನಗೆ ಈ ವಿಧಾನದಲ್ಲಿ ಬಹಳ ಹಿಡಿಸಿದ್ದು ಇದೇ.

ಪೂರ್ತಿ ಕೆಲಸಕ್ಕೆ ಎರಡು ಜೋಡಿ ವೈರ್, ಎರಡು ಮೂರು ಕಾಯಿಲ್ ಬೇಕು. ನಾನು ಒಂದು ಜೋಡಿಯಿಂದ ಶುರು ಮಾಡಿದೆ. ಉತ್ತರ-ದಕ್ಷಿಣಕ್ಕೆ ವೈರ್, ಪೂರ್ವ-ಪಶ್ಚಿಮಕ್ಕೆ ಕಾಯಿಲ್.

ಕಾಯಿಲ್

ತಿರುಳಿಗೆ 10 ಮಿಲಿಮೀಟರ್ ದಪ್ಪ, 200 ಮಿಲಿಮೀಟರ್ ಉದ್ದದ ಫೆರೈಟ್ ಕಡ್ಡಿ ತರಿಸಿದೆ. ಹಳೇ ರೇಡಿಯೋದೊಳಗೆ ಏರಿಯಲ್ ಆಗಿ ಇರುತ್ತಿತ್ತಲ್ಲ, ಅದೇ ಜಾತಿ. ಏಳು ಕಡ್ಡಿಗಳ ಕಟ್ಟು, ಅಂಥ ಮೂರು ಕಟ್ಟು ಉದ್ದಕ್ಕೆ. ಒಟ್ಟು 60 ಸೆಂಟಿಮೀಟರ್. ಕೆಲವು ಕಡ್ಡಿಗಳನ್ನು ಅರ್ಧಕ್ಕೆ ಮುರಿದು, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ, ಸಂದು ಒಂದೇ ಕಡೆ ಬರದಂತೆ ಜೋಡಿಸಿದೆ. ಸಂದಿನಲ್ಲಿ ಗಾಳಿ ಉಳಿದರೆ ಕಾಂತಕ್ಷೇತ್ರ ಅಲ್ಲೇ ಸೋರುತ್ತದೆ. ಕಟ್ಟನ್ನು ಪಿವಿಸಿ ಪೈಪಿನೊಳಗೆ ತೂರಿಸಿ, ಪೈಪಿನ ಮೇಲೆ ವೈಂಡಿಂಗ್.

ವೈರ್ 36 ಗೇಜ್. ಸೀಲಿಂಗ್ ಫ್ಯಾನಿಗೆ ಹಾಕುವುದೇ, ಅಂಗಡಿಯಲ್ಲೇ ಇತ್ತು. ಎರಡೂವರೆ ಕಿಲೋಮೀಟರಿಗಿಂತ ಜಾಸ್ತಿ ಹಿಡಿಯಿತು, ತೂಕ ಮುಕ್ಕಾಲು ಕೆಜಿ. ಒಂದೇ ಉದ್ದಕ್ಕೆ ಸುತ್ತಬಾರದು. ಮೊದಲ ಪದರ ಮತ್ತು ಕೊನೆಯ ಪದರ ಒಂದರ ಮೇಲೊಂದು ಕೂತು ಕೆಪಾಸಿಟರ್ ಥರ ಆಗಿಬಿಡುತ್ತವೆ. ಅದಕ್ಕೆ ಫೈಬರ್ ಶೀಟಿನಲ್ಲಿ ಬಿಲ್ಲೆ ಕತ್ತರಿಸಿ ಪೈಪನ್ನು ಎಂಟು ಮನೆ ಮಾಡಿದೆ. ಮನೆಗೆ 2,500 ಸುತ್ತು. ವೈಂಡಿಂಗ್ ಮಷಿನ್ನಿನ ಕೌಂಟರ್ ಇದ್ದಿದ್ದರಿಂದ ಎಣಿಕೆ ತಪ್ಪಲಿಲ್ಲ. ಆರನೇ ಮನೆಯಲ್ಲಿ 1,400 ಸುತ್ತು ದಾಟಿದಾಗ ವೈರ್ ತುಂಡಾಯಿತು. ಫ್ಯಾನ್ ಆಗಿದ್ದರೆ ಬೆಸುಗೆ ಹಾಕಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಒಂದು ಕೆಟ್ಟ ಬೆಸುಗೆಯೂ ಗದ್ದಲ ಮಾಡುತ್ತದೆ ಎಂದು ಆ ಮನೆ ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆ. ಮುಗಿದ ಮೇಲೆ ಮಲ್ಟಿಮೀಟರ್ 1.6 ಕಿಲೋಓಮ್ ತೋರಿಸಿತು. ಲೆಕ್ಕಕ್ಕೆ ಸರಿಯಾಗಿತ್ತು. ಎಲ್ಲೂ ಸುತ್ತು ಶಾರ್ಟ್ ಇಲ್ಲ.

ಮೇಲೆ ಅಲ್ಯುಮಿನಿಯಂ ಫಾಯಿಲ್ ಹೊದಿಕೆ. ಫಾಯಿಲಿನ ಎರಡು ಅಂಚು ಸೇರಬಾರದು, ಒಂದು ಬೆರಳು ಅಗಲ ಬಿಡಬೇಕು. ಸೇರಿದರೆ ಅದೇ ಒಂದು ಶಾರ್ಟ್ ಆದ ಸುತ್ತು. ರಿವೈಂಡಿಂಗ್ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಎಲೆಕ್ಟ್ರಾನಿಕ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಾಯಿಲಿನ ಹಿಂದೆ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಓಪಿಎ140 ಆಂಪ್ಲಿಫೈಯರ್. ಅದರ ಹಿಂದೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ 24 ಬಿಟ್‌ನ ಎಡಿಎಸ್131ಎಂ04 ಚಿಪ್, ಅದರ ಹಿಂದೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು ಮೆಮೊರಿ ಕಾರ್ಡ್. ಸೆಕೆಂಡಿಗೆ ಸಾವಿರ ಓದು. ಮೊದಲು ಬೇರೆ ಒಂದು ಅಗ್ಗದ ಬೋರ್ಡ್ ಹಾಕಿದ್ದೆ. ಅದು ಚಾನೆಲ್‌ಗಳನ್ನು ಒಂದಾದ ಮೇಲೊಂದರಂತೆ ಓದುತ್ತಿತ್ತು. ಇಲ್ಲಿ ವೋಲ್ಟೇಜ್ ಮತ್ತು ಕಾಂತಕ್ಷೇತ್ರ ಎರಡನ್ನೂ ಒಂದೇ ಗಳಿಗೆಯಲ್ಲಿ ಓದಲೇಬೇಕು. ಇಲ್ಲದಿದ್ದರೆ ಎರಡರ ನಡುವಿನ ಫೇಸ್, ಅಂದರೆ ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂಬುದು, ತಪ್ಪಾಗುತ್ತದೆ. ಬ್ಯಾಟರಿಯಿಂದ 5 ವೋಲ್ಟ್ ಮಾಡಲು ಸ್ವಿಚಿಂಗ್ ಮಾಡ್ಯೂಲ್ ಹಾಕಿದ್ದೂ ತಪ್ಪಾಯಿತು, ಅದರ ಕಿರಿಕಿರಿ ಕಾಯಿಲಿಗೆ ಬರುತ್ತಿತ್ತು. ಕಿತ್ತುಹಾಕಿ ಹಳೇ 7805 ರೆಗ್ಯುಲೇಟರ್ ಹಾಕಿದೆ. ಬಿಸಿಯಾಗುತ್ತದೆ, ಆದರೆ ಸುಮ್ಮನಿರುತ್ತದೆ.

ಕುಡಿಕೆ

ನೆಲದ ವೋಲ್ಟೇಜ್ ಅಳೆಯಲು ಎರಡು ಕಬ್ಬಿಣದ ಗೂಟ ಬಡಿದರೆ ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಬಡಿದೂ ನೋಡಿದೆ. ಕಬ್ಬಿಣ ಹಸಿಮಣ್ಣು ಮುಟ್ಟಿದ ಕೂಡಲೇ ತಾನೇ ಒಂದು ಸೆಲ್ ಆಗಿಬಿಡುತ್ತದೆ. ಮೀಟರ್‌ನಲ್ಲಿ ಹತ್ತಾರು ಮಿಲಿವೋಲ್ಟ್ ಅತ್ತಿತ್ತ ಜಾರುತ್ತಲೇ ಇತ್ತು. ನನಗೆ ಬೇಕಿದ್ದದ್ದು 50 ಮೀಟರ್ ವೈರಿನ ಮೇಲೆ ಹತ್ತು ಮೈಕ್ರೋವೋಲ್ಟ್. ಸಾವಿರ ಪಟ್ಟು ಸಣ್ಣದು.

ಇದಕ್ಕೆ ಹಳೇ ಉಪಾಯ ತಾಮ್ರ ಮತ್ತು ಮೈಲುತುತ್ತ (ಕಾಪರ್ ಸಲ್ಫೇಟ್). ಮಣ್ಣಿನ ಕುಡಿಕೆಯಲ್ಲಿ ಮೈಲುತುತ್ತದ ಗಟ್ಟಿ ನೀರು ತುಂಬಿ, ಅದರಲ್ಲಿ ತಾಮ್ರದ ಕಡ್ಡಿ ಅದ್ದಿ, ಕುಡಿಕೆಯನ್ನು ನೆಲದಲ್ಲಿ ಹೂಳುವುದು. ತಾಮ್ರಕ್ಕೆ ಯಾವಾಗಲೂ ತನ್ನದೇ ಲವಣದ ನೀರು ಸಿಗುವುದರಿಂದ ವೋಲ್ಟೇಜ್ ಜಾರುವುದಿಲ್ಲ. ಕುಡಿಕೆಯ ಗೋಡೆಯಿಂದ ನೀರು ಸ್ವಲ್ಪ ಸ್ವಲ್ಪವೇ ಒಸರಿ ಮಣ್ಣಿಗೆ ಸಂಪರ್ಕ ಕೊಡುತ್ತದೆ.

ಮೈಲುತುತ್ತಕ್ಕೆ ನಮ್ಮ ಕಡೆ ಬರವಿಲ್ಲ. ದಾಳಿಂಬೆ ಬೆಳೆಯುವವರು ದುಂಡಾಣು ರೋಗಕ್ಕೆ ಬೋರ್ಡೋ ದ್ರಾವಣ ಮಾಡಿ ಹೊಡೆಯುತ್ತಾರೆ, ಗೊಬ್ಬರದ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಕುಡಿಕೆ ಕುಂಬಾರರ ಮನೆಯಿಂದ. ಹತ್ತು ತಂದು ಎಲ್ಲಕ್ಕೂ ನೀರು ತುಂಬಿ ಒಂದು ರಾತ್ರಿ ಒಣ ಸಿಮೆಂಟ್ ಕಟ್ಟೆಯ ಮೇಲೆ ಇಟ್ಟೆ. ಬೆಳಿಗ್ಗೆ ಕೆಲವು ಕುಡಿಕೆ ಪೂರ್ತಿ ಒಣಗಿದ್ದವು, ಬಿರುಕು ಇತ್ತು. ಎರಡು ಹೊರಗಡೆ ಒಂಚೂರೂ ತೇವ ಆಗಿರಲಿಲ್ಲ, ಜಾಸ್ತಿ ಸುಟ್ಟಿದ್ದವು. ನಾಲ್ಕು ಮಾತ್ರ ಹೊರಮೈ ಬೆವತ ಹಾಗೆ ಆಗಿ, ಕೆಳಗೆ ಒದ್ದೆ ಉಂಗುರ ಬಿಟ್ಟಿದ್ದವು. ಆ ನಾಲ್ಕನ್ನು ಇಟ್ಟುಕೊಂಡೆ.

ಕುಡಿಕೆಯ ಸುತ್ತ ಬೆಂಟೊನೈಟ್ ಜೇಡಿಯ ಕೆಸರು ಹಾಕಬೇಕು, ತೇವ ಹಿಡಿಯಲು. ನಮ್ಮ ಎರಿ (ಕಪ್ಪು) ಮಣ್ಣಿನಲ್ಲಿರುವ ಜೇಡಿಯೂ ಬೆಂಟೊನೈಟ್ ಜಾತಿಯದೇ, ಮಾಂಟ್ಮೊರಿಲೊನೈಟ್. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವುದೂ, ಮಳೆಗೆ ಉಬ್ಬಿ ಚಪ್ಪಲಿ ಹಿಡಿದು ಎಳೆಯುವುದೂ ಅದರಿಂದಲೇ. ಹೊಲದ ಮಣ್ಣನ್ನೇ ಕಲಸಿ ಹಾಕಿದೆ. ಇದೇ ಕೆಲಸ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಮಾಡುವವರು ಒಂದು ಪುಟ್ಟಿ ಎರಿಮಣ್ಣು ಜೊತೆಗೆ ಒಯ್ಯಿರಿ.

ಹೊಲಕ್ಕೆ ಹೋಗಿದ್ದು

ಯಲಬುರ್ಗಾ ಕಡೆ ನಮ್ಮ ಕಾಕಾನ ಹೊಲ. ಬಿಳಿಜೋಳ ಕಟಾವಾಗಿ ಖಾಲಿ ಬಿದ್ದಿತ್ತು. ಗಾಳಿಯಂತ್ರಗಳ ಸಾಲು ದೂರ, ಹೈಟೆನ್ಷನ್ ಲೈನ್ ಇನ್ನೂ ದೂರ. ಮೊದಲ ರಾತ್ರಿ ಆಂಪ್ಲಿಫೈಯರ್ ಸಾವಿರ ಪಟ್ಟು ದೊಡ್ಡದು ಮಾಡುವಂತೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಇಡೀ ರಾತ್ರಿ ತಲೆ ಕತ್ತರಿಸಿದ ಚೌಕ ಅಲೆ. ಬರೀ 50 ಹರ್ಟ್ಜ್. ಬೋರ್‌ಗಳಿಗೆ ತ್ರೀ ಫೇಸ್ ಬಂದಿತ್ತು, ಸುತ್ತ ಎಲ್ಲ ಮೋಟರ್ ಓಡುತ್ತಿದ್ದವು. ನಾನೇ ರಿಪೇರಿ ಮಾಡಿ ಕೊಟ್ಟ ಮೋಟರ್‌ಗಳೂ ಅದರಲ್ಲಿದ್ದವು. ಕರೆಂಟಿನ ಲೈನಿನ ಕ್ಷೇತ್ರ ನನಗೆ ಬೇಕಾದ ಸಿಗ್ನಲ್‌ಗಿಂತ ಸಾವಿರಾರು ಪಟ್ಟು ದೊಡ್ಡದು. ಗೇನ್ ನೂರಕ್ಕೆ ಇಳಿಸಿದೆ. 24 ಬಿಟ್ ಇರುವುದರಿಂದ ಸಣ್ಣ ಸಿಗ್ನಲ್ ಕಳೆದುಹೋಗುವುದಿಲ್ಲ. ತ್ರೀ ಫೇಸ್ ತೆಗೆಯುವ ವೇಳೆ ಕೇಳಿಕೊಂಡು ಆ ಗಂಟೆಗಳಲ್ಲಿ ಮಾತ್ರ ಓದು ಇಟ್ಟುಕೊಂಡೆ.

ಈ ತೊಂದರೆ ಹೊಸದಲ್ಲ. ಮುಂಬೈಯ ಕೊಲಾಬಾದಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯುತ್ತಿದ್ದ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗ್‌ಗೆ ಒಯ್ದರು. ಕಾರಣ, ಊರಿಗೆ ಕರೆಂಟಿನ ಟ್ರಾಮ್ ಬರುವುದಿತ್ತು. ಅಲಿಬಾಗ್‌ನಲ್ಲಿ ಇಂದಿಗೂ ಅಳತೆ ನಡೆಯುತ್ತಿದೆ.

ಎರಡನೇ ರಾತ್ರಿ ಬೇರೆ ಕಥೆ. ಗಾಳಿ ಬೀಸಿದಾಗಲೆಲ್ಲ ಗ್ರಾಫ್ ಮೇಲೆ ಕೆಳಗೆ ತೇಲುತ್ತಿತ್ತು. ಕಾಯಿಲನ್ನು ನೆಲದ ಮೇಲಿಟ್ಟು ಗೋಣಿಚೀಲ ಹೊದಿಸಿದ್ದೆ, ಅಷ್ಟೇ. ನಮ್ಮ ಕಡೆ ಭೂಮಿಯ ಸ್ಥಿರ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ನಾನು ಹುಡುಕುತ್ತಿದ್ದ ಸಿಗ್ನಲ್ ಒಂದು ನ್ಯಾನೋಟೆಸ್ಲಾದ ಸಾವಿರದಲ್ಲಿ ಒಂದು ಭಾಗ. ಪೂರ್ವ-ಪಶ್ಚಿಮಕ್ಕೆ ಮಲಗಿದ ಕಾಯಿಲ್ ಒಂದು ಮೀಟರಿಗೆ ಒಂದು ಮೈಕ್ರಾನ್‌ನಷ್ಟು ಓರೆಯಾದರೂ ಸಾಕು, ಸಿಗ್ನಲ್‌ಗಿಂತ 40 ಪಟ್ಟು ದೊಡ್ಡ ಸುಳ್ಳು ಬರುತ್ತದೆ. ತಲೆಗೂದಲಿನ ದಪ್ಪದಲ್ಲಿ ಮೈಕ್ರಾನ್‌ಗಳು ಐವತ್ತಕ್ಕಿಂತ ಜಾಸ್ತಿ ಇರುತ್ತವೆ, ಲೆಕ್ಕ ಹಾಕಿಕೊಳ್ಳಿ.

ಮರುದಿನ ಮೊಣಕಾಲುದ್ದ ಗುಂಡಿ ತೋಡಿ, ತಳಕ್ಕೆ ಮರಳು ಹಾಸಿ, ಕಾಯಿಲ್ ಮಲಗಿಸಿ, ಮಣ್ಣು ಮುಚ್ಚಿ ತುಳಿದೆ. ಬೇವಿನ ಮರದಿಂದ ಮೂವತ್ತು ಹೆಜ್ಜೆ ದೂರ ಹೋದೆ, ಗಾಳಿಗೆ ಮರ ಅಲುಗಿದರೆ ಬೇರು ಮಣ್ಣನ್ನೂ ಅಲುಗಿಸುತ್ತದೆ. ವೈರನ್ನೂ ಕುಂಟೆ ಹೊಡೆದ ಸಾಲಿನಲ್ಲಿ ಮಲಗಿಸಿ ಮಣ್ಣು ಎಳೆದೆ. ವೈರ್ ಗಾಳಿಗೆ ಹಾರಾಡಿದರೆ ಅದೂ ಭೂಮಿಯ ಕಾಂತಕ್ಷೇತ್ರ ಕತ್ತರಿಸುವ ಡೈನಮೋ. ಸರ್ವೆಯವರು ಪೈಪು ಹೂತು ಯಾರೂ ಓಡಾಡಬೇಡಿ ಎಂದಿದ್ದು ಏಕೆ ಎಂದು ಅವತ್ತು ಅರ್ಥವಾಯಿತು.

ಝಟ್ಕಾ ಬೇಲಿ

ಮೂರನೇ ರಾತ್ರಿ ಗ್ರಾಫ್ ಶಾಂತವಾಗಿತ್ತು, ಆದರೆ ಸೆಕೆಂಡಿಗೊಂದು ಮೊಳೆ ಹೊಡೆದ ಹಾಗೆ ಗೆರೆ. ಎರಡು ಚಾನೆಲ್‌ನಲ್ಲೂ ಒಂದೇ ಸಲ. ಸಿಡಿಲು ಹೀಗೆ ಗಡಿಯಾರ ಇಟ್ಟುಕೊಂಡು ಬರುವುದಿಲ್ಲ. ನಮ್ಮ ಸರ್ಕ್ಯೂಟ್‌ದೇ ಇರಬೇಕು ಎಂದು ಮೆಮೊರಿ ಕಾರ್ಡ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಹೋಗಲಿಲ್ಲ. ರಾತ್ರಿ ಒಂದು ಗಂಟೆಗೆ ಸಣ್ಣ ರೇಡಿಯೋ ಹಿಡಿದು, ಸ್ಟೇಷನ್ ಇಲ್ಲದ ಕಡೆ ಮುಳ್ಳು ಇಟ್ಟು, ಬದುವಿನ ಮೇಲೆ ನಡೆದೆ. ಟಕ್, ಟಕ್, ಟಕ್. ಪಡುವಣಕ್ಕೆ ಹೋದಷ್ಟೂ ಜೋರು. ಮೂರು ಹೊಲ ದಾಟಿದ ಮೇಲೆ ಸಿಕ್ಕಿತು. ಹಂದಿ ಬರಬಾರದೆಂದು ಕಡಲೆಗೆ ಹಾಕಿದ ಸೋಲಾರ್ ಝಟ್ಕಾ ಬೇಲಿ. ಮಷಿನ್ ಸೆಕೆಂಡಿಗೊಂದು ಸಲ ತಂತಿಗೆ ಏಟು ಕೊಡುತ್ತದೆ, ಅದರ ಅರ್ಥಿಂಗ್ ನೇರ ನೆಲಕ್ಕೆ. ನನ್ನ ಕುಡಿಕೆಗಳು ಅದನ್ನೇ ಓದುತ್ತಿದ್ದವು.

ಬೆಳಿಗ್ಗೆ ಹೊಲದ ಹಿರಿಯರನ್ನು ಕೇಳಿದೆ. ಬೆಳೆ ನಿಂತಿದೆ, ಬೇಲಿ ಬಂದ್ ಮಾಡಿ ಅನ್ನುವುದು ಸಣ್ಣ ಮಾತಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ರಾತ್ರಿ ಬಂದ್ ಮಾಡ್ತೀನಿ ತಮ್ಮಾ. ನಾನೇ ಹೊಲದಾಗ ಮಲಗ್ತೀನಿ, ಹಂದಿ ಬಂದ್ರ ಹೊಡದು ಓಡಸ್ತೀನಿ" ಅಂದರು. ನಾನೂ ಅವರ ಜೊತೆ ಮಲಗಿದೆ. ಟಾರ್ಚ್ ಕೈಯಲ್ಲಿ, ಯಂತ್ರದ ಡಬ್ಬಿ ತಲೆದೆಸೆಗೆ.

ಆ ಎರಡು ರಾತ್ರಿಯ ಫೈಲ್‌ನಲ್ಲೇ ಎಲ್ಲ ಇರುವುದು. ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ, ಪೈಥಾನ್‌ನಲ್ಲಿ ಲೆಕ್ಕ ಬರೆದುಕೊಟ್ಟ. ಕಾಯಿಲಿನ ಓದನ್ನು ಫ್ರೀಕ್ವೆನ್ಸಿಗೆ ಬಿಡಿಸಿದಾಗ 8 ಹರ್ಟ್ಜ್ ಹತ್ತಿರ ಒಂದು ದಿಬ್ಬ, 14ರ ಹತ್ತಿರ ಒಂದು, 20 ದಾಟಿ ಇನ್ನೊಂದು. ಅಂಗಡಿಯ ಸ್ಟೂಲ್ ಮೇಲೆ ಕೂತು ಬಹಳ ಹೊತ್ತು ನೋಡಿದೆ. ನೆಲಕ್ಕೂ ಆಕಾಶದ ವಿದ್ಯುತ್ ಪದರಕ್ಕೂ ನಡುವೆ ಸಿಕ್ಕಿಕೊಂಡ ಸಿಡಿಲಿನ ಅಲೆ ಭೂಮಿಯನ್ನು ಸುತ್ತು ಹಾಕುತ್ತದೆ. ಸುತ್ತಳತೆ 40,000 ಕಿಲೋಮೀಟರ್, ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್, ಅಂದರೆ ಸೆಕೆಂಡಿಗೆ ಏಳೂವರೆ ಸುತ್ತು. ಈ ಸುಲಭ ಲೆಕ್ಕವೂ ಅಳತೆಯ 7.8ರ ಹತ್ತಿರಕ್ಕೇ ಬರುತ್ತದೆ. ಜರ್ಮನಿಯ ಶೂಮನ್ 1952ರಲ್ಲಿ ಇದು ಇರಲೇಬೇಕು ಎಂದು ಲೆಕ್ಕದಿಂದಲೇ ಹೇಳಿದ್ದರು. ನಮಗೆ ರಾತ್ರಿ ಎರಡು ಗಂಟೆ ಆದಾಗ ಅಮೆಜಾನ್ ಕಾಡಿನಲ್ಲಿ ಸಂಜೆ, ಅಲ್ಲಿ ಗುಡುಗು ಮಳೆಯ ಹೊತ್ತು. ಅಲ್ಲಿನ ಮಿಂಚು ಯಲಬುರ್ಗಾದ ಎರಿಹೊಲದಲ್ಲಿ ಹೂತ ಫ್ಯಾನ್ ವೈರಿಗೆ ಬಂದು ತಾಗುತ್ತಿತ್ತು.

ಲೆಕ್ಕ ತಪ್ಪಿದ್ದು, ಸರಿಮಾಡಿದ್ದು

ಮೊದಲ ಲೆಕ್ಕದಲ್ಲಿ ನೆಲದ ರೋಧಕತೆ, ಅಂದರೆ ಕರೆಂಟನ್ನು ತಡೆಯುವ ಗುಣ, 8,000 ಓಮ್-ಮೀಟರ್ ಬಂತು. ಗ್ರಾನೈಟಿಗೆ ಆಗದ ಸಂಖ್ಯೆಯೇನಲ್ಲ. ಆದರೆ ನನಗೆ ನಂಬಿಕೆ ಬರಲಿಲ್ಲ, ಯಾಕೆಂದರೆ ಕಾಯಿಲಿನ ಸೂಕ್ಷ್ಮತೆಯನ್ನು ಕಾಗದದ ಮೇಲೆ ಹಿಡಿದಿದ್ದೆ, ಅಳೆದಿರಲಿಲ್ಲ. ಅಳೆಯಲು ಇನ್ನೊಂದು ಕಾಯಿಲ್ ಮಾಡಿದೆ. ನಾಲ್ಕು ಇಂಚಿನ ಪೈಪಿನ ಮೇಲೆ ಸೆಂಟಿಮೀಟರಿಗೊಂದು ಸುತ್ತು, ನಾಲ್ಕು ಅಡಿ ಉದ್ದ. ಒಂದು ವೋಲ್ಟ್ ಅಲೆಯನ್ನು ಒಂದು ಮೆಗಾಓಮ್ ರೆಸಿಸ್ಟರ್ ಮೂಲಕ ಕೊಟ್ಟರೆ ಒಂದು ಮೈಕ್ರೋಆಂಪ್ ಹರಿಯುತ್ತದೆ, ಪೈಪಿನೊಳಗೆ 0.126 ನ್ಯಾನೋಟೆಸ್ಲಾ ಹುಟ್ಟುತ್ತದೆ. ಅದರೊಳಗೆ ನನ್ನ ಕಾಯಿಲ್ ಇಟ್ಟು 5 ಹರ್ಟ್ಜ್‌ನಿಂದ 300ರವರೆಗೆ ಒಂದೊಂದಾಗಿ ಓದಿದೆ. ನಿಜವಾದ ಸೂಕ್ಷ್ಮತೆ ಕಾಗದದ ಲೆಕ್ಕಕ್ಕಿಂತ 1.6 ಪಟ್ಟು ಕಡಿಮೆ ಇತ್ತು. ರೋಧಕತೆಯ ಲೆಕ್ಕದಲ್ಲಿ ಇದು ವರ್ಗವಾಗಿ ಬರುತ್ತದೆ. 1.6 ತಪ್ಪು ಎರಡೂವರೆ ಪಟ್ಟು ತಪ್ಪಾಗುತ್ತದೆ. ಸರಿಮಾಡಿದ ಮೇಲೆ 3,000ದ ಆಸುಪಾಸಿಗೆ ಇಳಿಯಿತು. ಕ್ಯಾಲಿಬ್ರೇಷನ್ ಇಲ್ಲದೆ ಯಾರಾದರೂ ರೋಧಕತೆಯ ಅಂಕಿ ಕೊಟ್ಟರೆ ನಂಬಬೇಡಿ.

ನಡುವೆ ಒಂದು ಕುಡಿಕೆ ಕೆಟ್ಟಿತ್ತು. ವೋಲ್ಟೇಜ್ ಮೆಲ್ಲಗೆ ಜಾರುತ್ತಿತ್ತು. ಅಗೆದು ತೆಗೆದು ನೋಡಿದರೆ ತಾಮ್ರದ ಕಡ್ಡಿಗೆ ವೈರ್ ಬೆಸೆದ ಜಾಗಕ್ಕೆ ಮೈಲುತುತ್ತದ ನೀರು ಏರಿ ಬೆಸುಗೆ ಕಪ್ಪಾಗಿತ್ತು, ಪುಡಿಪುಡಿ ಉದುರುತ್ತಿತ್ತು. ಬೆಸುಗೆಯ ತವರ ಮತ್ತು ತಾಮ್ರ ಸೇರಿ ಅಲ್ಲೊಂದು ಸೆಲ್ ಆಗಿತ್ತು. ಈಗ ಕಡ್ಡಿಯನ್ನು ಕುಡಿಕೆಯ ಬಾಯಿಂದ ನಾಲ್ಕು ಬೆರಳು ಮೇಲಕ್ಕೆ ಬಿಟ್ಟು, ಅಲ್ಲಿ ಬೆಸೆದು, ಎಂ-ಸೀಲ್ ಮೆತ್ತಿದ್ದೇನೆ.

3,000 ಓಮ್-ಮೀಟರ್ ಕಲ್ಲಿನಲ್ಲಿ 40 ಹರ್ಟ್ಜ್ ಅಲೆ ನಾಲ್ಕು ಕಿಲೋಮೀಟರ್ ದಾಟಿ ಇಳಿಯುತ್ತದೆ, 14 ಹರ್ಟ್ಜ್ ಏಳು ಕಿಲೋಮೀಟರ್ ದಾಟುತ್ತದೆ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಗಿಂತ ಎಷ್ಟೋ ಕೆಳಗೆ. ವೋಲ್ಟೇಜ್ ಮತ್ತು ಕಾಂತಕ್ಷೇತ್ರದ ನಡುವಿನ ಫೇಸ್ 45 ಡಿಗ್ರಿಯ ಸುತ್ತ ಇತ್ತು, ಅಂದರೆ ಅಷ್ಟು ಆಳದವರೆಗೂ ಹೆಚ್ಚುಕಡಿಮೆ ಒಂದೇ ಥರದ ಗಟ್ಟಿ ಕಲ್ಲು. ಒಂದೇ ಜೋಡಿಯ ಅಳತೆ ಇದು. ಮೇಲಿನ ಎರಿಮಣ್ಣಿನ ದಪ್ಪ ಅಲ್ಲಲ್ಲಿ ಬದಲಾದರೆ ಅಂಕಿ ಮೇಲೆ ಕೆಳಗೆ ಆಗುತ್ತದೆ, ಫೇಸ್ ಆಗುವುದಿಲ್ಲ. ಹಾಗಾಗಿ ನಾನು ಫೇಸನ್ನೇ ಜಾಸ್ತಿ ನಂಬುತ್ತೇನೆ.

ಕಾಕಾ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ನಾಲ್ಕು ಬೋರ್ ಫೇಲ್ ಆಗಿವೆ ಅವರ ಹೊಲದಲ್ಲಿ. "ನೀರು ಎಲ್ಲೈತಿ ಅಂತ ತೋರಸ್ತೈತೇನೋ ಇದು?"

"ಇಲ್ಲ ಕಾಕಾ. ಇದು ಬೋರಿಗಿಂತ ಭಾಳ ಕೆಳಗ ನೋಡ್ತೈತಿ. ನೀರು ಇರೋದು ಮ್ಯಾಲಿನ ನೂರು ಮೀಟರಿನಾಗ."

ಅವರ ಮುಖ ಸಪ್ಪಗಾಯಿತು. ನನಗೂ ಬೇಜಾರಾಯಿತು, ಆದರೆ ಇರುವುದನ್ನೇ ಹೇಳಬೇಕು. ಬಿರುಕು ಬಿಟ್ಟ ಕಲ್ಲಿನಲ್ಲಿ ನೂರು ಮೀಟರ್ ನೋಡಲು ಹತ್ತು ಸಾವಿರ ಹರ್ಟ್ಜ್ ಮೇಲಿನ ಅಲೆ ಬೇಕು. ನನ್ನ ಕಾಯಿಲ್ 700 ಹರ್ಟ್ಜ್ ಹತ್ತಿರವೇ ಅದರಾಚೆ ಓದಲಾಗದಂತೆ ತನ್ನೊಳಗೆ ತಾನೇ ರೆಸೊನೆನ್ಸ್‌ಗೆ ಬೀಳುತ್ತದೆ. ಬೋರಿಗೆ ನಾಲ್ಕು ಗೂಟ ಬಡಿದು ಬ್ಯಾಟರಿಯಿಂದ ಕರೆಂಟ್ ಬಿಟ್ಟು ಅಳೆಯುವ ಹಳೇ ವಿಧಾನವೇ ಸರಿ. ಈ ಕುಡಿಕೆಗಳು ಅದಕ್ಕೂ ಬರುತ್ತವೆ. ಮುಂಗಾರಿಗೆ ಮುಂಚೆ ಕಾಕಾನ ಹೊಲದಲ್ಲಿ ಅದನ್ನು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಎರಡನೇ ಕಾಯಿಲಿಗೆ ಕಡ್ಡಿ ಬಂದಿದೆ, ಮೂರು ಮನೆ ಸುತ್ತಿ ಮುಗಿದಿದೆ. ಮೊನ್ನೆ ಬೇಲಿಯ ಹಿರಿಯರು ಫೋನ್ ಮಾಡಿದ್ದರು. "ಕಡ್ಲಿ ಕಿತ್ತಾಯ್ತು ತಮ್ಮಾ, ಮಷಿನ್ ಬಿಚ್ಚಿ ಮನಿಗೆ ತಂದೀನಿ. ನಿಂದು ಯಾವಾಗ ಹೂಳ್ತಿ?"